ತೂಬಿನ ಬಾಗಿಲಿಗೆ ಬಿದ್ದ ಮೂರು ಪೆಟ್ಟು

ಹೋದ ತಿಂಗಳು ವಿಮೆಯ ಕಾಗದಕ್ಕಾಗಿ ಹಳೆಯ ಟ್ರಂಕು ತೆರೆದೆ. ಕಾಗದವೇನೂ ಕಳೆದಿರಲಿಲ್ಲ, ಆದರೆ ಕಳೆದಿದ್ದರೆ ಎಂಬ ವಿಚಾರ ಒಮ್ಮೆ ಬಂತೆಂದರೆ ನನಗೆ ಊಟ ಸೇರುವುದಿಲ್ಲ. ಟ್ರಂಕಿನ ತಳದಲ್ಲಿ ನಾಲ್ಕು ಮಡಿಕೆಯ ಬೇರೊಂದು ಹಾಳೆ ಸಿಕ್ಕಿತು. ಬಿಡಿಸುವ ಮೊದಲೇ ವಾಸನೆ ಬಂತು. ರೈಲು ಗಾಲಿಗೆ ಹಾಕುವ ಎಣ್ಣೆಯ ವಾಸನೆ. ಹದಿನೈದು ವರ್ಷವಾದರೂ ಹೋಗಿರಲಿಲ್ಲ. ಅಕ್ಷರಗಳು ನನ್ನವು, ಅಂಜುಬುರುಕ ಅಕ್ಷರಗಳು. ಕೆಳಗೆ ಸಹಿ ಇರಬೇಕಾದ ಕಡೆ ಅಂಗೈಯಗಲದ ಕರಿ ಕಲೆ…

ಆ ಕಲೆ ಗಾಲಿ ಕಾಕಾ ಮಾಡಿದ್ದು. ಹಾಗಂತ ಅವರನ್ನು ರೈಲು ಯಾರ್ಡಿನವರೆಲ್ಲ ಕರೆಯುತ್ತಿದ್ದರು. ಗಾಡಿ ಬಂದು ನಿಂತೊಡನೆ ಉದ್ದ ಹಿಡಿಕೆಯ ಸುತ್ತಿಗೆ ಹಿಡಿದು ಒಂದೊಂದೇ ಗಾಲಿಗೆ ಬಡಿಯುತ್ತ ಹೋಗುವುದು ಅವರ ಕೆಲಸ. ಗಟ್ಟಿ ಗಾಲಿ ಗಂಟೆಯಂತೆ ನುಡಿಯುತ್ತಿತ್ತು. ಸೀಳು ಬಿಟ್ಟದ್ದು ಒಡಕು ಗಡಿಗೆಯಂತೆ. ಬಡಿದೊಡನೆ ಕಾಕಾ ಎಡಗೈ ಎತ್ತುತ್ತಿದ್ದರು. ಆ ಕೈ ಮೇಲಿರುವಷ್ಟು ಹೊತ್ತು ಗಾರ್ಡ್ ಇರಲಿ, ದೊಡ್ಡ ಸಾಹೇಬ ಇರಲಿ, ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಇಡೀ ಹುಬ್ಬಳ್ಳಿಯಲ್ಲಿ ರೈಲು ಕಂಪನಿಯ ಸಾಹೇಬನನ್ನು ಒಂದು ಕೈಯಿಂದ ಸುಮ್ಮನಾಗಿಸಬಲ್ಲ ಆಳು ಅವರೊಬ್ಬರೇ ಇದ್ದಿರಬೇಕು.

ನಾನು ಅದೇ ಯಾರ್ಡಿನ ಕಚೇರಿಯಲ್ಲಿ ಹೊಸ ಕಾರಕೂನ. ಇಬ್ಬರ ಮನೆಯೂ ಬೆಂಗೇರಿಯಲ್ಲಿ. ಬೆಳಿಗ್ಗೆ ಕೂಡಿ ನಡೆದು ಹೋಗುತ್ತಿದ್ದೆವು, ಸಂಜೆ ಕೂಡಿ ಬರುತ್ತಿದ್ದೆವು. ಹಾದಿಯುದ್ದಕ್ಕೂ ನನ್ನ ಚಿಂತೆಗಳನ್ನು ಹೇಳಿಕೊಳ್ಳುವುದು ನನ್ನ ಪದ್ಧತಿ. ನಡುನಡುವೆ ಎಡಗೈ ಎತ್ತುವುದು ಅವರ ಪದ್ಧತಿ.

"ಕಾಕಾ, ಇವತ್ತೂ ತಡಾ ಆದ್ರ ಸಾಹೇಬ ನನ್ನ…"

ಕೈ ಮೇಲೆ ಹೋಯಿತು. ನಾನು ಬಾಯಿ ತೆರೆದಂತೆಯೇ ನಿಂತೆ.

"ಕೇಳ್ರಿ ಕಾರಕೂನ್ರ. ಆ ಜಾಲಿ ಗಿಡದಾಗ. ಕಾಜಾಣ. ಹೆಂಗ ನುಡೀತೈತಿ ನೋಡ್ರಿ, ಹೊಸಾ ಗಾಲಿ!"

"ಅದರ ಮುಂದ ಕಿರಚಾಕತ್ತಿದ್ದು?"

"ಟಿಟ್ಟಿಭ. ಅದಕ್ಕ ಬ್ರೇಕ್ ಕಚ್ಚೇತಿ."

"ತಡಾ ಆತು ಕಾಕಾ!"

"ಹಕ್ಕಿಗೆ ಆಗಿಲ್ಲ, ನನಗ ಆಗಿಲ್ಲ. ನಿಮಗೊಬ್ಬರಿಗೇ ಹೆಂಗ ಆತ್ರಿ?"

ಸಾಲಿಯ ಮುಖ ನೋಡದ ಮನುಷ್ಯ. ಆದರೆ ಬೇಲಿಯಾಚೆ ಯಾವ ಹಕ್ಕಿ ಕೂಗಿದರೂ ಕಣ್ಣೆತ್ತದೆ ಹೇಳುತ್ತಿದ್ದರು. ಕೂಗಿದ್ದು ಗಂಡೋ ಹೆಣ್ಣೋ, ಹಸಿದದ್ದೋ ಹೆದರಿದ್ದೋ ಎಂಬುದನ್ನೂ ಸೇರಿಸಿ.

ಹಾದಿಯಲ್ಲಿ ಒಂದು ಕೆರೆ ಇತ್ತು. ಆ ವರ್ಷ ಚಳಿ ಬಿದ್ದಾಗ, ತಲೆಯ ಮೇಲೆ ಎರಡು ಕರಿ ಪಟ್ಟೆ ಇದ್ದ ಹೆಬ್ಬಾತುಗಳು ಅಲ್ಲಿಗೆ ಬಂದಿಳಿದವು. ತೂಬಿನ ಹಿಂದೆ, ಜೇಕು ಹುಲ್ಲಿನ ಮರೆಯಲ್ಲಿ. ಹಾದಿಯಿಂದ ಕಾಣುತ್ತಿರಲಿಲ್ಲ, ಕಾಕಾನ ಕಿವಿಗೆ ಮಾತ್ರ ಸಿಕ್ಕಿದವು. ನನ್ನ ಕೈಹಿಡಿದು ಕೆರೆಯ ಏರಿ ಹತ್ತಿಸಿ ತೋರಿಸಿದರು. "ಯಾರಿಗೂ ಹೇಳಬ್ಯಾಡ್ರಿ ಮತ್ತ," ಎಂದರು. ಅವರು ನನ್ನನ್ನು ಕೇಳಿಕೊಂಡ ಮಾತು ಅದೊಂದೇ.

ಒಂದು ದಿನ ಆ ಬಾತುಗಳನ್ನು ನೋಡುತ್ತ ನಿಂತು ಖರೇ ತಡವಾಯಿತು. ಕಾಕಾನ ಗಾಡಿ ಇನ್ನೂ ಬಂದಿರಲಿಲ್ಲ, ಅವರು ಪಾರಾದರು. ನನ್ನನ್ನು ಸಾಹೇಬ ಕರೆದು ಕಾರಣ ಕೇಳಿದ. ಹೊಟ್ಟೆನೋವು ಎನ್ನಬಹುದಿತ್ತು, ಚಪ್ಪಲಿ ಹರಿಯಿತು ಎನ್ನಬಹುದಿತ್ತು. ನನಗೆ ಹೆದರಿಕೆಯಾದಾಗ ಸುಳ್ಳು ಹೊಳೆಯುವುದಿಲ್ಲ. ಬಾತುಗಳು, ಎಂದೆ. ತೂಬು, ಎಂದೆ. ಜೇಕು ಎಂದೂ ಹೇಳಿಬಿಟ್ಟೆ. ಸಾಹೇಬನ ಸಿಟ್ಟು ಇಳಿದು ಕಣ್ಣು ಅರಳಿತು. ಅವನ ಕೋಣೆಯ ಗೋಡೆಗೆ ಎರಡು ಬಂದೂಕು ತೂಗುಹಾಕಿದ್ದು ನನಗೆ ಆಗ ನೆನಪಾಯಿತು. ರವಿವಾರ ಬಂದು ಜಾಗ ತೋರಿಸಬೇಕೆಂದು ಅಪ್ಪಣೆಯಾಯಿತು.

ಸಂಜೆ ಕಾಕಾನಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಎಡಗೈ ಎತ್ತಿ ನನ್ನ ಮಾತು ನಿಲ್ಲಿಸಿದರು, ಬೆಂಗೇರಿ ಮುಟ್ಟುವವರೆಗೂ ಇಳಿಸಲಿಲ್ಲ.

ರವಿವಾರ ಬೆಳಿಗ್ಗೆ ಸಾಹೇಬ ಜೇಕಿನಲ್ಲಿ ಮೊಣಕಾಲೂರಿ ಕುಳಿತ. ಹಿಂದೆ ನಾನು, ಅವನ ಟೊಪ್ಪಿಗೆ ಹಿಡಿದುಕೊಂಡು. ಬಾತುಗಳು ಬಂದೂಕಿನ ಅಳವಿಗೆ ತೇಲಿ ಬರುತ್ತಿದ್ದವು. ಆಗ ಕೇಳಿತು. ಠಣ್! ಮತ್ತೆ, ಠಣ್! ಮೂರನೆಯ ಪೆಟ್ಟಿಗೆ ಕೆರೆಗೆ ಕೆರೆಯೇ ಎದ್ದು ಹಾರಿದಂತಾಯಿತು. ಸಾಹೇಬ ಗುಂಡು ಹಾರಿಸಿದ, ಅದು ಜೇಕಿಗೆ ಬಿತ್ತು. ನೋಡಿದರೆ ತೂಬಿನ ಮೇಲೆ ಗಾಲಿ ಕಾಕಾ, ಕೈಯಲ್ಲಿ ಸುತ್ತಿಗೆ, ಎಡಗೈ ಮೇಲೆ.

ಸಾಹೇಬ ಕೂಗಾಡುತ್ತ ಅವರತ್ತ ಹೋದ. ಕಾಕಾ ಪೆಟ್ಟಿನ ನಾದ ಪೂರ್ತಿ ಅಡಗುವವರೆಗೆ ಕೈ ಇಳಿಸಲಿಲ್ಲ.

"ತೂಬಿನ ಬಾಗಲಾ ಕಬ್ಬಿಣದ್ದ್ರಿ ಸಾಹೇಬ್ರ. ಸೀಳು ಬಿಟ್ಟೈತೇನೋ ಅಂತ ನೋಡಿದೆ," ಎಂದರು. "ಇಲ್ಲ. ಗಟ್ಟಿ ಐತಿ."

ಸೋಮವಾರ ಕಾಕಾನಿಗೆ ಹುಕುಮು ಬಂತು. ಎರಡು ದಿನದಲ್ಲಿ ತಪ್ಪೊಪ್ಪಿಗೆ ಬರೆದುಕೊಡಬೇಕು, ಇಲ್ಲವೇ ಘಾಟಿನ ಕೆಳಗಿನ ಸ್ಟೇಷನ್ನಿಗೆ ವರ್ಗ. ಅಲ್ಲಿ ವರ್ಷದ ಅರ್ಧ ಮಳೆ. ಕಾಕಾನ ಹೆಂಡತಿ ಚಾಚಿಗೆ ದಮ್ಮು. ಬೆಂಗೇರಿಯ ಸೋನೆಗೇ ಆಕೆ ಕುಳಿತು ರಾತ್ರಿ ಕಳೆಯುವವಳು. ನಾನೇ ತಪ್ಪೊಪ್ಪಿಗೆ ಪತ್ರ ಬರೆದು ಅವರ ಮನೆಗೆ ಓಡಿ ಒಯ್ದು ಓದಿ ಹೇಳಿದೆ. ಹೆಸರು ಗೀಚುವಷ್ಟು ಅವರಿಗೆ ಬರುತ್ತಿತ್ತು.

"ತಪ್ಪಾತು ಅಂತ ಎಷ್ಟು ಸಲ ಬರದೀರಿ?"

"ಮೂರು ಸಲ."

"ಗಾಲಿಗೆ ಮೂರಲ್ಲ ಮೂವತ್ತು ಸಲ ಬಡೀರಿ, ಸೀಳಿಲ್ಲಂದ್ರ ಇಲ್ಲ. ನನ್ನ ಕಡೆ ಸೀಳಿಲ್ಲ ಕಾರಕೂನ್ರ. ನೀವು ಒಮ್ಮೆ ಬಡಕೊಂಡು ನೋಡ್ರಿ."

"ಕಾಕಾ, ಚಾಚೀ ತಬ್ಯೇತಿಂದರ ವಿಚಾರ ಮಾಡ್ರಿ. ಒಂದ ಸಹಿ."

ಒಳಗಿನಿಂದ ಉಸಿರು ಹಿಡಿಯುತ್ತ ಚಾಚಿಯೇ ಉತ್ತರ ಕೊಟ್ಟಳು. "ನನ್ನ ಹೆಸರಿನ ಮ್ಯಾಲ ಸಹಿ ಬ್ಯಾಡಪ್ಪಾ. ಕೆಮ್ಮೂದಕ್ಕ ಯಾವ ಊರಾದ್ರೇನು?"

ಕಾಕಾ ಪತ್ರ ತೆಗೆದುಕೊಂಡು, ಅದರಿಂದ ಸುತ್ತಿಗೆಯ ಎಣ್ಣೆಯನ್ನು ನೀಟಾಗಿ ಒರೆಸಿ, ನಾಲ್ಕು ಮಡಿಕೆ ಮಾಡಿ ನನ್ನ ಕಿಸೆಗೆ ಹಾಕಿದರು.

ಹೋದರು. ಎರಡು ಮಳೆಗಾಲದಲ್ಲಿ ಚಾಚಿ ತೀರಿಕೊಂಡಳು, ಮೂರನೆಯದರಲ್ಲಿ ಅವರು… ಗಾರ್ಡ್ ಒಬ್ಬ ಬಂದು ಹೇಳಿದ. ಅಲ್ಲಿಯ ಕಾಡಿನ ಹಕ್ಕಿಗಳು ಗಾಡಿ ನಿಂತಾಗಲೂ ಬಾಯಿ ಮುಚ್ಚುವುದಿಲ್ಲ, ಕೆಲಸ ಕಠಿಣ ಆಗೇತಿ ಎಂದು ಕಾಕಾ ನಗುತ್ತಿದ್ದರಂತೆ. ನಾನು ಒಮ್ಮೆಯೂ ನೋಡಲು ಹೋಗಲಿಲ್ಲ. ಸಾಹೇಬನಿಗೆ ತಿಳಿದರೆ ಎಂಬ ಚಿಂತೆ. ಆ ಸಾಹೇಬ ವಿಲಾಯತಿಗೆ ಹೋದ ಮೇಲೂ ಆ ಚಿಂತೆ ಹೋಗಲಿಲ್ಲ.

ಈಗ ಬೇರೆ ಸಾಹೇಬ. ನಮ್ಮ ಸೀಮೆಯವನೇ, ಬಂದೂಕು ಮಾತ್ರ ವಿಲಾಯತಿದು. ಮೊನ್ನೆ ಶನಿವಾರ ಕಾಗದಕ್ಕೆ ಸಹಿ ಹಾಕುತ್ತ ಕೇಳಿದ, "ನಿಮ್ಮ ಹಾದ್ಯಾಗ ಕೆರಿ ಐತೆಲ್ಲಾ, ಬಾತು ಎಲ್ಲಿ ಕೂಡತಾವ್ರಿ?"

ಸುಳ್ಳು ಈ ಸಲವೂ ಹೊಳೆಯಲಿಲ್ಲ.

"ಗೊತ್ತೈತ್ರಿ. ಹೇಳಾಂಗಿಲ್ರಿ."

ಸಾಹೇಬ ಕಾಗದದಿಂದ ತಲೆಯೆತ್ತಿದ. "ಹೌದ್ರಿ? ಆತು ಬಿಡ್ರಿ, ಯಾರನ್ನರೇ ಕೇಳ್ತೀನಿ," ಎಂದು ಮುಂದಿನ ಕಾಗದ ಎಳೆದುಕೊಂಡ.

ಅಷ್ಟೇ. ಇಷ್ಟೇ ಇತ್ತು. ಆವತ್ತೂ ಹೇಳುವುದಿಲ್ಲ ಎಂದಿದ್ದರೆ ಇಷ್ಟೇ ಆಗುತ್ತಿತ್ತೇನೋ… ಇಲ್ಲ, ಆವತ್ತು ನನ್ನ ಕೆಲಸ ಹೋಗುತ್ತಿತ್ತೇನೋ. ಬಡಿದು ನೋಡದೆ ಹೇಗೆ ಹೇಳುವುದು?

ರವಿವಾರ ನಸುಕಿನಲ್ಲಿ ಎದ್ದು ಕೆರೆಗೆ ಹೋದೆ. ಸಾಹೇಬನ ಮೋಟಾರು ಏರಿಯ ಕೆಳಗೆ ಆಗಲೇ ನಿಂತಿತ್ತು, ಅವನಿಗೆ ಯಾರೋ ಜಾಗ ಹೇಳಿಕೊಟ್ಟಿದ್ದರು. ತೂಬಿನ ಬಾಗಿಲಿಗೆ ಛತ್ರಿಯಿಂದ ಬಡಿದೆ. ಛತ್ರಿ ಮುರಿಯಿತು, ಒಂದು ಹಕ್ಕಿಯೂ ಕದಲಲಿಲ್ಲ. ಎರಡು ಕೈಯಿಂದ ಒಂದು ಕಲ್ಲೆತ್ತಿ ಬಡಿದೆ. ಮತ್ತೆ ಬಡಿದೆ. ಮತ್ತೆ.

ಬಾತುಗಳೆದ್ದವು. ಅವುಗಳ ಹಿಂದೆ ಜೇಕಿನಿಂದ ಸಣ್ಣದೊಂದು ಹಕ್ಕಿ ನಾನೆಂದೂ ಕೇಳದ ದನಿಯಲ್ಲಿ ಕೂಗುತ್ತ ಹಾರಿತು. ನಾನು ಎಡಗೈ ಎತ್ತಿ ನಿಂತೆ. ಏರಿಯ ಕೆಳಗಿನಿಂದ ಸಾಹೇಬ ಏನೋ ಕೂಗುತ್ತಿದ್ದ. ಆ ಹಕ್ಕಿ ಯಾವುದೆಂದು ಹೇಳುವವರು ಈಗ ಯಾರೂ ಇಲ್ಲ.

ಕೈ ಇಳಿಸಲಿಲ್ಲ.