ಚೀಸಿಗೆ ಪೂರ್ತಿ ಹೆಸರು

ಸ್ವೀಡನ್ನಿನ ಕಿಸ್ಟಾದಲ್ಲಿರುವ ನಮ್ಮ ಆಫೀಸಿನ ಸ್ವೀಡಿಷ್ ಮ್ಯಾನೇಜರ್ ನನ್ನನ್ನು ‘ನ್ಯಾನ್’ ಅಂತಲೇ ಕರೆಯುತ್ತಿದ್ದ. ನಂಜುಂಡೇಶ್ವರ ಅನ್ನೋದು ಅವನ ಬಾಯಿಗೆ ಉದ್ದವಂತೆ.

ಒಂದು ದಿನ ಫಿಕಾಗೆ, ಅಂದರೆ ಕಾಫಿ ಬಿಡುವಿಗೆ, ಫ್ರಾನ್ಸಿನ ಸಹೋದ್ಯೋಗಿ ಮಾರ್ಸಲಾಂ ತನ್ನೂರಿನ ಚೀಸ್ ತಂದ. ಮಾರ್ಸಲಾಂ ಅನ್ನೋ ಸಂತನ ಹೆಸರೇ ಊರಿಗೆ, ಚೀಸಿಗೆ, ಇವನಿಗೂ; ‘ಸಾಂ’ ಅಂದರೆ ಸಂತ. ಮ್ಯಾನೇಜರ್ ‘ಸಾಂ ಮಾರ್ಸಲಾಂ!’ ಅಂತ ಒಂದಕ್ಷರ ಬಿಡದೆ, ಚಪ್ಪರಿಸಿಕೊಂಡು ಹೇಳಿದ.

ನನಗೆ ರೇಗಿತು. ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ.

“ನಮ್ಮ ದೇವರ ಹೆಸರೂ ನಂಜನಗೂಡು ಅನ್ನೋ ಊರಿಗಿದೆ, ಅಲ್ಲಿನ ರಸಬಾಳೆಗಿದೆ, ನನಗೂ ಇದೆ. ಚೀಸಿಗೆ ಕೊಡೋ ಮರ್ಯಾದೆ ನನಗೂ ಕೊಡು. ಪೂರ್ತಿ ಹೇಳು, ಆಮೇಲೆ ತಿನ್ನು.”

ಮಾರ್ಸಲಾಂ ನಕ್ಕು ಚಾಕುವನ್ನೂ ನನಗೇ ಕೊಟ್ಟ. ಮ್ಯಾನೇಜರ್ ತಡವರಿಸಿಕೊಂಡು ಹೇಳಿದ. ಅವತ್ತಿಂದ ಪೂರ್ತಿಯೇ ಕರೀತಾನೆ.

ಮನೇಲಿ ಅಮ್ಮ ನನ್ನನ್ನು ‘ನಂಜ’ ಅಂತಾಳೆ. ಆದರೆ ಅವಳು ಹೆತ್ತವಳು. ಇವನೇನು ಹೆತ್ತಿದ್ದಾನಾ?