ಬಾವಿಯ ದಂಡೆಯಲ್ಲಿ ತಡವಾದ ಮಾತು

ಎಂಬತ್ತರ ದಶಕದ ಆರಂಭದಲ್ಲಿ ಅವಳು ಕ್ಯಾಮೆರಾ ಹಿಡಿದು ನೈರೋಬಿಯಿಂದ ಬಂದಳು. ತಂದೆ ಉಡುಪಿ ಬಳಿಯ ಇನ್ನಂಜೆಯವರು. ಚಿಕ್ಕ ಪ್ರಾಯದಲ್ಲೇ ಹಡಗು ಹತ್ತಿದವರು ಅಲ್ಲಿನವಳನ್ನು ಮದುವೆಯಾಗಿ, ಊರಿಗೆ ಮರಳದೆ ತೀರಿಕೊಂಡಿದ್ದರು. "ಊರಿನ ಮನೆ ನಿನ್ನದು" ಎಂದು ಮಗಳಿಗೆ ಕೊನೆಯವರೆಗೂ ಹೇಳುತ್ತಿದ್ದರಂತೆ. ಆ ಮನೆಯ ಬಗ್ಗೆ ಅವಳು ಒಬ್ಬಳೇ ಸಣ್ಣ ಸಿನಿಮಾ ಮಾಡುತ್ತಿದ್ದಳು. ಮಣಿಪಾಲದಲ್ಲಿ ಆಗಷ್ಟೇ ಓದು ಮುಗಿಸಿದ್ದ ನಾನು ಅವಳ ದುಭಾಷಿ. ಅವಳ ಟೇಪ್ ರೆಕಾರ್ಡರ್ ನನ್ನ ಹೆಗಲಲ್ಲಿತ್ತು.

ನಮ್ಮ ಅಳಿಯಕಟ್ಟಿನಲ್ಲಿ ಮನೆ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಗಂಡಸಿನ ಮಕ್ಕಳು ಅವನ ಮನೆಗೆ ನೆಂಟರು. ಬಸ್ಸಿನಲ್ಲೇ ಇದನ್ನು ಹೇಳಬಹುದಿತ್ತು. ಹೇಳಲಿಲ್ಲ.

ಇನ್ನಂಜೆಯ ಮನೆಯಂಗಳದಲ್ಲಿ ಅವಳ ಸೋದರತ್ತೆ ಅವಳ ಮುಖದಲ್ಲಿ ಅಣ್ಣನನ್ನು ಕಂಡು ಅತ್ತರು. ಬೆಲ್ಲ, ನೀರು ಕೊಟ್ಟು ಮತ್ತೆ ಬಾವಿಯಿಂದ ನೀರು ಸೇದತೊಡಗಿದರು. ಅವಳು ಪಕ್ಕದಲ್ಲೇ ದಂಡೆಗೆ ಒರಗಿ, ಕ್ಯಾಮೆರಾವನ್ನು ಮನೆಯತ್ತ ಹಿಡಿದು ಕೇಳಿದಳು, "ಇದರಲ್ಲಿ ನನ್ನ ಕೋಣೆ ಯಾವುದು?"

ನಾನು ತುಳುವಿನಲ್ಲಿ ಕೇಳಿದೆ.

"ಎಂತ ಕೋಣೆ ಮಾರಾಯ? ಉಣ್ಣಲಿ, ನಾಲ್ಕು ದಿನ ಇರಲಿ, ಅಣ್ಣನ ಮಗಳಲ್ವಾ. ಆದರೆ ಈ ಮನೆಯಲ್ಲಿ ಅವಳದ್ದು ಅಂತ ಎಂತದೂ ಇಲ್ಲ."

ನೋಯಿಸದಂತೆ ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಅತ್ತೆಯ ಎರಡೂ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ತುಂಬಿದ ಕೊಡ.

"ಅಲ್ಲಿ ಒರಗಬಾರದು ಅಂತ ಹೇಳು. ಕಲ್ಲು ಸಡಿಲ ಉಂಟು. ಹೇಳು ಮಾರಾಯ!"

ನಾನಿನ್ನೂ ಮೊದಲಿನ ಮಾತಿನಲ್ಲೇ ಇದ್ದೆ.

ಕೆಂಪುಕಲ್ಲು ಜಾರಿತು. ಅತ್ತೆ ಹಗ್ಗ ಬಿಟ್ಟು ಅವಳ ತೋಳು ಹಿಡಿದರು. ಕೊಡ, ಕಲ್ಲು, ಕ್ಯಾಮೆರಾ ಒಂದರ ಹಿಂದೊಂದು ನೀರಿಗೆ ಬಿದ್ದವು. ಅವಳ ಕಾಲುಗಳು ಬಾವಿಯೊಳಗೆ ಒದೆಯುತ್ತಿದ್ದವು. ಮೇಲಕ್ಕೆ ಎಳೆದು ಹಾಕಿದ್ದು ಆ ಮುದುಕಿ ಒಬ್ಬರೇ. ನಾನು ನಿಂತಲ್ಲೇ ನಿಂತಿದ್ದೆ. ಟೇಪು ತಿರುಗುತ್ತಿತ್ತು.

ಉಡುಪಿಗೆ ಮರಳುವಾಗ ಬಸ್ಸಿನಲ್ಲಿ ಅವಳು ಕೇಳಿದಳು, "ಕೋಣೆಯ ಬಗ್ಗೆ ಅತ್ತೆ ಏನೆಂದರು?"

"ಯಾವುದು ಬೇಕಾದರೂ ನಿನ್ನದೇ ಅಂದರು."

ಸುಲಿದ ಮೊಣಕೈಯನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಅವಳು ಸಂತೋಷದಿಂದ ಅಳುತ್ತಿದ್ದಳು.

ಮೂರು ವರ್ಷಗಳ ನಂತರ, ಪತ್ರವೇನೂ ಇಲ್ಲದೆ, ನೈರೋಬಿಯಿಂದ ನನ್ನ ಹೆಸರಿಗೆ ಒಂದು ಸಿನಿಮಾ ರೀಲು ಬಂತು. ಮಣಿಪಾಲದಲ್ಲಿ ಗೆಳೆಯನೊಬ್ಬನ ಪ್ರೊಜೆಕ್ಟರಿನಲ್ಲಿ ಹಾಕಿಸಿ ನೋಡಿದೆ. ಇನ್ನಂಜೆಯ ಭಾಗ ಬಂದಾಗ ಪರದೆ ಪೂರ್ತಿ ಕಪ್ಪು. ಅತ್ತೆಯ ದನಿ ಮಾತ್ರ. ಕೆಳಗೆ ಇಂಗ್ಲಿಷಿನಲ್ಲಿ ಅವರ ಮಾತೆಲ್ಲ, ಒಂದೂ ಬಿಡದೆ. ಅಲ್ಲಿ ತುಳು ಬಲ್ಲವರು ಯಾರೋ ಸಿಕ್ಕಿರಬೇಕು.

"ಹೇಳು ಮಾರಾಯ!"

ಆಮೇಲೆ ನನ್ನ ಸರದಿ. ಕೆಳಗೆ ಅಕ್ಷರಗಳಿರಲಿಲ್ಲ. ನನ್ನ ಆ ಮೌನ ಎಷ್ಟು ಹೊತ್ತಿತ್ತೆಂದು ನನಗೆ ಆಗಲೇ ತಿಳಿದದ್ದು. ಆಮೇಲೆ ಕಲ್ಲು ಬಿದ್ದ ಸದ್ದು.