ಸೇಸಪ್ಪನ ಮೂರನೇ ಸಿಲಿಂಡರ್

ಸೇಸಪ್ಪನ ಕಿವಿಯ ಬಗ್ಗೆ ಮಂಗಳೂರಿನ ಮೀನು ಬೋಟುಗಳ ದಕ್ಕೆಯಲ್ಲಿ ಯಾರನ್ನಾದರೂ ವಿಚಾರಿಸಿ, ಮೀನಿನ ಬುಟ್ಟಿ ಕೆಳಗಿಟ್ಟು ಹೇಳುತ್ತಾರೆ. ನಲವತ್ತು ವರ್ಷ ಬೋಟಿನ ಎಂಜಿನ್ನಿನ ಪಕ್ಕದಲ್ಲೇ ಉಂಡು ಮಲಗಿದ ಮನುಷ್ಯ. ಬರುತ್ತಿರುವ ಬೋಟಿನ ಯಾವ ಸಿಲಿಂಡರ್ ಕೆಮ್ಮುತ್ತಿದೆ ಎಂದು ದಡದಲ್ಲೇ ನಿಂತು ಹೇಳುತ್ತಿದ್ದ. ಕೆಲಸ ಬಿಟ್ಟು ಕುದ್ರೋಳಿಯ ಮನೆಯಲ್ಲಿ ಕೂತ ಮೇಲೂ ಹಳೆ ರಿಕ್ಷಾ ಇರಲಿ, ಜನರೇಟರ್ ಇರಲಿ, ಕೊಳ್ಳುವ ಮೊದಲು ಜನ ಅವನನ್ನು ಕರೆದೊಯ್ಯುತ್ತಿದ್ದರು. ಒಬ್ಬನಂತೂ ಗೊರಕೆ ಹೊಡೆಯುವ ತನ್ನ ಮಾವನನ್ನೇ ತಂದು ತೋರಿಸಿದ್ದ. ವಾಲ್ವ್ ಸರಿ ಇದೆ, ಮೂಗಿನ ಡಾಕ್ಟರಿಗೆ ತೋರಿಸು ಎಂದು ಸೇಸಪ್ಪ ಗಂಭೀರವಾಗಿಯೇ ಹೇಳಿ ಕಳಿಸಿದ್ದ.

ಆ ಕಿವಿ ಹೋಗಿ ನಾಲ್ಕು ವರ್ಷವಾಗಿತ್ತು. ಯಾವ ಎಂಜಿನ್ ಹೆಸರು ಕೊಟ್ಟಿತೋ ಅದೇ ಕಿವಿಯನ್ನೂ ತಿಂದಿತ್ತು. ಹೆಂಡತಿ ದಮಯಂತಿಯದು ಮೀನು ಮಾರಿ ಪಳಗಿದ ಗಂಟಲು, ಅದೊಂದು ಕೇಳಿಸುತ್ತಿತ್ತು. ಉಳಿದವರದೆಲ್ಲ ತುಟಿ ನೋಡಿ ಅಂದಾಜು, ಅಂದಾಜು ಸಿಗದಿದ್ದರೆ ತಲೆಯಾಡಿಸುವುದು. ಎಂಜಿನ್ನಿಗೆ ಅಂಗೈ ಒತ್ತಿ, ನಡುಕದಿಂದಲೇ ರೋಗ ಹಿಡಿಯಲು ಕಲಿತಿದ್ದ. ಗುಟ್ಟು ಯಾರಿಗೂ ಹೇಳಿರಲಿಲ್ಲ. ಕಿವುಡ ಎಂದು ಗೊತ್ತಾದ ದಿನದಿಂದ ತನ್ನನ್ನು ಯಾರೂ ಏನೂ ವಿಚಾರಿಸುವುದಿಲ್ಲ ಎಂಬ ಹೆದರಿಕೆ ಅವನಿಗೆ.

ಹೀಗಿರುವಾಗ ಪಣಂಬೂರಿನ ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ಸುಪ್ರೀತಾಳಿಗೆ ಬ್ಯಾಟರಿ, ಪೆಟ್ರೋಲು ಎರಡರಲ್ಲೂ ಓಡುವ ಹೈಬ್ರಿಡ್ ಎಸ್‌ಯುವಿಯ ಹುಚ್ಚು ಹತ್ತಿತು. ಲೀಟರಿಗೆ ಇಪ್ಪತ್ತೇಳು ಕಿಲೋಮೀಟರ್ ಎಂದು ಕಂಪನಿಯ ಹೇಳಿಕೆ. ಅದೇ ಗಾಡಿಯ ಬರೀ ಪೆಟ್ರೋಲಿನದು ಮೂರು ಲಕ್ಷ ಕಡಿಮೆ. ಅಪ್ಪ ಹೇಳಿದಂತೆ ಎಂದು ಅವನನ್ನು ಭಾನುವಾರ ಶೋರೂಮಿಗೆ ಕರೆತಂದಳು.

ಅಲ್ಲಿಯ ಸೇಲ್ಸಿನ ಹುಡುಗ ಯೋಗೀಶ್ ಒಂದೇ ಉಸಿರಿನಲ್ಲಿ ಸನ್‌ರೂಫ್, ನಾಲ್ಕು ಕಡೆ ನೋಡುವ ಕ್ಯಾಮರಾ, ಗಾಳಿ ಬೀಸುವ ಸೀಟು ಎಲ್ಲವನ್ನೂ ಬಣ್ಣಿಸಿದ. ಸೇಸಪ್ಪ ಎಲ್ಲದಕ್ಕೂ ತಲೆಯಾಡಿಸಿದ. ಸೀಟಿನ ಗಾಳಿಯನ್ನು ಮಾತ್ರ ಎದ್ದೆದ್ದು ಮೂರು ಸಲ ಕೂತು ಪರೀಕ್ಷಿಸಿದ.

ಯೋಗೀಶ್ ಗುಂಡಿ ಒತ್ತಿದ. ಹಸಿರು ದೀಪ ಹತ್ತಿತು. ಸೇಸಪ್ಪ ಹೊರಗಿಳಿದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಏನೂ ಇಲ್ಲ. ಒತ್ತಿ ಹಿಡಿದ. ಇನ್ನೊಂದು ಕೈಯನ್ನೂ ಇಟ್ಟ. ಸತ್ತ ಬಂಗುಡೆ ಮೀನಿನಷ್ಟು ತಣ್ಣಗೆ. ಅವನ ಜೀವ ಬಾಯಿಗೆ ಬಂತು. ಕಿವಿ ಹೋದ ಹಾಗೆ ಕೈಯೂ ಹೋಯಿತು ಎಂದುಕೊಂಡ. ಅಕ್ಕಪಕ್ಕದ ಗಿರಾಕಿಗಳೂ ನೋಡುತ್ತಿದ್ದರು. ಹೇಗುಂಟು ಎಂದು ಯೋಗೀಶನ ತುಟಿ ಕೇಳಿತು.

"ಎಂಜಿನ್ ಒಳ್ಳೆಯದುಂಟು," ಎಂದ ಸೇಸಪ್ಪ. "ಮೂರನೇ ಸಿಲಿಂಡರಿನಲ್ಲಿ ಸ್ವಲ್ಪ ಬಡಿತ ಉಂಟು."

ಯೋಗೀಶ್ ಅವನೆದುರು ಬಂದು ನಿಂತ. "ಅಂಕಲ್, ಎಂಜಿನ್ ಇನ್ನೂ ಸ್ಟಾರ್ಟೇ ಆಗ್ಲಿಲ್ಲ. ಈಗ ಬ್ಯಾಟರಿ ಮಾತ್ರ ಆನ್ ಇರುವುದು."

ಬೇರೆಯವರಾದರೆ ಭೂಮಿ ಬಾಯಿ ಬಿಡಲಿ ಎನ್ನುತ್ತಿದ್ದರು. ಸೇಸಪ್ಪನ ಮುಖ ಅರಳಿತು. "ಹಾಗಾದ್ರೆ ನನ್ನ ಕೈ ಸರಿ ಉಂಟು," ಎಂದ. "ಹೋದದ್ದು ಕಿವಿ ಮಾತ್ರ. ನಾಲ್ಕು ವರ್ಷ ಆಯ್ತು ಮಾರಾಯ." ಮೆಲ್ಲಗೆ ಹೇಳಿದೆನೆಂದೇ ಅವನ ಎಣಿಕೆ. ಮಾತು ರಸ್ತೆಯಾಚೆಯ ಜ್ಯೂಸ್ ಅಂಗಡಿಗೂ ಮುಟ್ಟಿತು.

ಆದರೂ ಹೆಸರು ಎಂದರೆ ಹೆಸರೇ. ದಕ್ಕೆಯ ಸೇಸಪ್ಪ ಬಡಿತ ಉಂಟೆಂದದ್ದನ್ನು ಕೇಳಿದ ಮ್ಯಾನೇಜರು ಇಬ್ಬರು ಮೆಕ್ಯಾನಿಕ್‌ಗಳನ್ನು ಓಡಿಸಿದರು. ಅವರು ಸ್ಟಾರ್ಟೇ ಆಗದ ಎಂಜಿನ್ನಿಗೆ ಇಪ್ಪತ್ತು ನಿಮಿಷ ಕಿವಿಗೊಟ್ಟು, ಯಾವುದೋ ಒಂದು ಬೋಲ್ಟು ಬಿಗಿ ಮಾಡಿ, ಈಗ ಪರವಾಗಿಲ್ಲ ಎಂದರು.

ಅಪ್ಪ, ಮಗಳು, ಯೋಗೀಶ್ ಮೂವರೂ ಗಾಡಿ ಓಡಿಸಿ ನೋಡಲು ಪಣಂಬೂರಿನ ಕಡೆ ಹೊರಟರು. ಸುಪ್ರೀತಾ ಆಗಾಗ ಅಪ್ಪನ ಕಿವಿಯ ಕಡೆ ನೋಡುತ್ತಾ ಗಾಡಿ ಓಡಿಸಿದಳು. ಸೇಸಪ್ಪ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟು, ಎಂಜಿನ್ ಈಗ ಎದ್ದಿತು, ಈಗ ಮಲಗಿತು ಎಂದು ಹೇಳುತ್ತಾ ಹೋದ. ಓಡಿಸುತ್ತಿರುವುದು ಎಂಜಿನ್ನೋ ಬ್ಯಾಟರಿಯೋ ಎಂದು ತೋರಿಸುವ ಪರದೆಯ ಬಾಣ ಅವನು ಹೇಳಿದ ಮೇಲೆಯೇ ಬದಲಾಗುತ್ತಿತ್ತು. ಹಿಂದಿನ ಸೀಟಿನ ಯೋಗೀಶ್ ಪರದೆ ಬಿಟ್ಟು ಅವನ ಕೈಯನ್ನೇ ನೋಡತೊಡಗಿದ. ಕೂಳೂರು ಸೇತುವೆಯ ಬಳಿ ಲಾರಿಗಳ ಹಿಂದೆ ತೆವಳುವಾಗ ಎಂಜಿನ್ ಹೆಚ್ಚು ಹೊತ್ತು ಮಲಗಿಯೇ ಇತ್ತು. ಹೆದ್ದಾರಿ ಖಾಲಿಯಾದೊಡನೆ ಎದ್ದು ಬಿಡದೆ ಓಡಿತು.

ಪಣಂಬೂರಿನಲ್ಲಿ ನಿಲ್ಲಿಸಿದಾಗ ಸೇಸಪ್ಪ ತೀರ್ಪು ಕೊಟ್ಟ. ಖಾಲಿ ರಸ್ತೆಯಲ್ಲಿ ಹಾರುವವರಿಗೆ ಹೆಚ್ಚಿನ ಮೂರು ಲಕ್ಷ ದಂಡ. ನೀನು ದಿನಾ ಲಾರಿ ಹಿಂದೆ ತೆವಳುವವಳು, ಏಳೆಂಟು ವರ್ಷ ಇಟ್ಟುಕೊಳ್ಳುವುದಾದರೆ ತಗೊ. ಗಾಡಿಯ ಮಾಡಿಗೆ ಆ ಕಿಟಕಿ ಮಾತ್ರ ಬೇಡ, ನಮ್ಮೂರ ಮಳೆಗೆ ಅದೆಲ್ಲ ಆಗುವುದಲ್ಲ.

ಯೋಗೀಶ್ ಫೋನಿಗೆಂದು ಕೆಳಗಿಳಿದ. ಸುಪ್ರೀತಾ ಅಪ್ಪನ ಕಿವಿಯ ಹತ್ತಿರ ಬಂದು ದಮಯಂತಿಯ ಗಂಟಲಿನಲ್ಲೇ ಹೇಳಿದಳು. ಎರಡು ವರ್ಷದ ಹಿಂದೆ, ದುಬೈ ಹುಡುಗನ ಸಂಬಂಧ ಬೇಡ ಹೇಳಲಾ ಎಂದು ಅವನೊಬ್ಬನನ್ನೇ ಕೇಳಿದ್ದಳು. ಅವನು ತಲೆಯಾಡಿಸಿದ್ದ. ಆ ಧೈರ್ಯದ ಮೇಲೆ ಬೇಡ ಎಂದಿದ್ದಳು.

ಸೇಸಪ್ಪನಿಗೆ ಎಲ್ಲವೂ ಹೊಳೆಯಿತು. ಸಂಬಂಧ ತಪ್ಪಿಸಿದ್ದು ಅವನೇ ಎಂದು ಆಗ ದಮಯಂತಿ ಮೂರು ತಿಂಗಳು ಅವನೊಡನೆ ಮಾತು ಬಿಟ್ಟಿದ್ದಳು. ಉಳಿದಷ್ಟು ಕಿವಿಯೂ ಹೋಯಿತೆಂದೇ ಅವನು ಎಣಿಸಿ ಕದ್ದು ಎಣ್ಣೆ ಬಿಟ್ಟುಕೊಂಡಿದ್ದ. ವಾಸಿಯಾದದ್ದು ಎಣ್ಣೆಯಿಂದ ಅಲ್ಲ, ಅವಳ ಸಿಟ್ಟು ಇಳಿದದ್ದರಿಂದ. ಶೋರೂಮಿನಲ್ಲಿ ಆಗದ ನಾಚಿಕೆ ಈಗ ಆಯಿತು, ಭಯವೂ ಆಯಿತು. ಗೊತ್ತಿಲ್ಲದೆ ಅಲುಗಿದ ತಲೆಯೊಂದರ ಮೇಲೆ ಮಗಳು ಬದುಕಿನ ತೀರ್ಮಾನವನ್ನೇ ನಿಲ್ಲಿಸಿದ್ದಳು.

"ಅದು ಲೆಕ್ಕಕ್ಕಿಲ್ಲ," ಎಂದ. "ಈಗ ಕೇಳು."

ದುಬೈ ಹುಡುಗನಿಗೆ ಅಷ್ಟರಲ್ಲಿ ಮದುವೆಯಾಗಿ ಮಗುವೂ ಆಗಿತ್ತು. ಆದರೂ ಸುಪ್ರೀತಾ ಕೇಳಿದಳು. "ಆ ಸಂಬಂಧ ಬೇಡ ಹೇಳ್ಲಾ ಅಪ್ಪಾ?"

"ನಿನಗೆ ಅವ ಇಷ್ಟ ಇದ್ದನಾ?"

ಅವಳು ಇಲ್ಲವೆಂದಳು.

"ಹಾಗಾದ್ರೆ ಬೇಡ," ಎಂದ ಸೇಸಪ್ಪ.

ಸುಪ್ರೀತಾ ಕಣ್ಣೊರೆಸಿಕೊಂಡಳು. ಆಮೇಲೆ ಅವನ ಕಿವಿಗೆ ಬಾಯಿಟ್ಟು, ಗಾಡಿಗೆ ಯಾವ ಬಣ್ಣ ಎಂದು ಕೇಳಿದಳು.